ರಕ್ತ ಪರಿಚಲನೆ ಪಾಠಕ್ಕೆ ಲ್ಯಾಬ್ ಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಶಾಸ್ತ್ರ ಪಾಠ ಮಾಡುವವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಸ್ಟಾಫ್ ರೂಮಿನಲ್ಲಿ ಕೇಳಿದವು, ಒಂದೆರಡು ಮಕ್ಕಳದ್ದೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸಿಕೊಳ್ಳುವಂಥದ್ದು ಕೊನೆಗೆ.

## ಶುರು ಮಾಡುವವರಿಗೆ

ಈ ಪಾಠಕ್ಕೆ ಲ್ಯಾಬ್‌ನಲ್ಲಿ ಕನಿಷ್ಠ ಏನೇನು ಇರಲೇಬೇಕು?

ಸೆಕೆಂಡ್ ಮುಳ್ಳಿರುವ ಗಡಿಯಾರ, ಒಂದೆರಡು ಸ್ಟೆತಸ್ಕೋಪ್, ಕೈಯಲ್ಲಿ ಒತ್ತಿ ಗಾಳಿ ತುಂಬುವ ಬಿಪಿ ಯಂತ್ರ ಒಂದು, ಮೈಕ್ರೋಸ್ಕೋಪ್ ಮತ್ತು ರಕ್ತದ ರೆಡಿ ಸ್ಲೈಡು, ಪಾರದರ್ಶಕ ಪೈಪು, ಒಳಗೆ ಕವಾಟ ಇರುವ ರಬ್ಬರ್ ಬಲ್ಬ್ ಎರಡು. ಇಷ್ಟಿದ್ದರೆ ಪಾಠ ಧಾರಾಳವಾಗಿ ನಡೆಯುತ್ತದೆ. ಬಿಡಿಸಿ ಜೋಡಿಸುವ ಹೃದಯದ ಮಾಡೆಲ್ ಇದ್ದರೆ ಒಳ್ಳೆಯದೇ. ಆದರೆ ನಾನು ಅದನ್ನು ಪಟ್ಟಿಯ ತಲೆಗೆ ಹಾಕುವುದಿಲ್ಲ. ಪಾಠದ ಹೆಸರೇ ಪರಿಚಲನೆ ಅಲ್ವಾ, ಮೊದಲು ಹರಿಯುವುದನ್ನು ತೋರಿಸುವ ಸಾಮಾನು ಬೇಕು.

ಹೃದಯದ ದೊಡ್ಡ ಮಾಡೆಲ್ ಇದೆಯಲ್ಲ ಸಾರ್, ಅದೊಂದೇ ಸಾಲಲ್ವಾ?

ಭಾಗಗಳ ಹೆಸರು ಹೇಳಿಕೊಡಲು ಸಾಕು. ಅದನ್ನೂ ಬೀರುವಿನಲ್ಲಿ ಬೀಗ ಹಾಕಿಡದೆ ಮಕ್ಕಳ ಕೈಗೆ ಕೊಡಿ. ಹೃತ್ಕುಕ್ಷಿಗಳ (ಹೃದಯದ ಕೆಳಗಿನ ಎರಡು ಕೋಣೆ) ಗೋಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನೋಡಲಿ. ಎಡಗಡೆಯದು ಬಲಗಡೆಗಿಂತ ಸುಮಾರು ಮೂರು ಪಟ್ಟು ದಪ್ಪ. ಬಲಗಡೆಯದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಇಡೀ ದೇಹಕ್ಕೆ ತಳ್ಳಬೇಕು. ಇಷ್ಟು ಬೆರಳಿಗೆ ತಿಳಿದರೆ ಬಾಯಿಪಾಠ ಬೇಡ.

ಎಲ್ಲರೂ ಎಡವುವುದು ಎಡ-ಬಲದಲ್ಲಿ. ಮೇಜಿನ ಮೇಲಿಟ್ಟ ಮಾಡೆಲ್‌ನ ಎಡಭಾಗ ನೋಡುವವರ ಬಲಕ್ಕೆ ಬರುತ್ತದೆ. ಒಬ್ಬಳು ವಿದ್ಯಾರ್ಥಿನಿಯನ್ನು ತರಗತಿಯ ಕಡೆ ಮುಖ ಮಾಡಿ ನಿಲ್ಲಿಸಿ, ಮಾಡೆಲನ್ನು ಅವಳ ಎದೆ ಮುಂದೆ ಹಿಡಿಸಿ. ಅವಳ ಎಡಗೈ ಯಾವ ಕಡೆಯೋ ಹೃದಯದ ಎಡವೂ ಆ ಕಡೆ. ಮುಗೀತು.

ಮಾಡೆಲ್‌ಗೆ ಅರ್ಧ ನೀಲಿ ಯಾಕೆ ಬಳಿದಿದ್ದಾರೆ? ರಕ್ತ ನೀಲಿನೂ ಇರುತ್ತಾ?

ಇಲ್ಲ. ಆಮ್ಲಜನಕ ಕಡಿಮೆ ಇರುವ ರಕ್ತ ಕಡುಗೆಂಪು, ಜಾಸ್ತಿ ಇರುವುದು ತಿಳಿಗೆಂಪು. ನೀಲಿ ಬರೀ ಗುರುತಿಗೆ. ಕೈಮೇಲಿನ ನರ ನೀಲಿಯಾಗಿ ಕಾಣುವುದು ಚರ್ಮದೊಳಗೆ ಬೆಳಕು ಹೋಗಿ ಬರುವ ರೀತಿಯಿಂದ, ರಕ್ತದ ಬಣ್ಣದಿಂದ ಅಲ್ಲ. (ಆಡುಮಾತಿನಲ್ಲಿ ನರ ಅನ್ನುತ್ತೇವೆ, ಅದು ಅಭಿಧಮನಿ. ಮಕ್ಕಳಿಗೆ ಇದನ್ನೂ ಒಮ್ಮೆ ಹೇಳಿಬಿಡಿ, ಇಲ್ಲದಿದ್ದರೆ ನರಮಂಡಲದ ಪಾಠದಲ್ಲಿ ಗೊಂದಲ ಗ್ಯಾರಂಟಿ.)

ಇನ್ನೊಂದು ಎಡವಟ್ಟು. ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೆ ನೀಲಿ, ಅಲ್ಲಿಂದ ಬರುವ ಅಭಿಧಮನಿಗೆ ಕೆಂಪು ಬಳಿದಿರುತ್ತಾರೆ. ಮಕ್ಕಳು ಬಣ್ಣ ಬಳಿದವರ ತಪ್ಪು ಅಂದುಕೊಳ್ಳುತ್ತಾರೆ. ಹೃದಯದಿಂದ ಹೊರಗೆ ಹೋಗುವುದು ಅಪಧಮನಿ, ಹೃದಯಕ್ಕೆ ಬರುವುದು ಅಭಿಧಮನಿ. ಬಣ್ಣ ಹೇಳುವುದು ಆಮ್ಲಜನಕದ ಸುದ್ದಿ ಮಾತ್ರ.

ನಮ್ಮಲ್ಲಿ ಒಂದು ಸಾಮಾನೂ ಇಲ್ಲ ಮೇಡಂ, ನಾಳೆನೇ ಪಾಠ. ಏನು ಮಾಡಲಿ?

ಮೂರು ಕೆಲಸ ಮಾಡಿ.

ಒಂದು, ಬಟಾಣಿ ಗಾತ್ರದ ಜೇಡಿಮಣ್ಣಿಗೆ ಸ್ಟ್ರಾ ಸಿಕ್ಕಿಸಿ, ಮಣಿಕಟ್ಟಿನಲ್ಲಿ ನಾಡಿ ಸಿಗುವ ಜಾಗದ ಮೇಲೆ ಕೂರಿಸಿ, ಕೈಯನ್ನು ಮೇಜಿನ ಮೇಲೆ ಅಲುಗಾಡದಂತೆ ಇಡಿ. ಸ್ಟ್ರಾ ತುದಿ ಟಕ್ ಟಕ್ ಅಂತ ತಲೆಯಾಡಿಸುತ್ತದೆ. ಜಾಗ ಸ್ವಲ್ಪ ತಪ್ಪಿದರೂ ಆಡುವುದಿಲ್ಲ, ಮೊದಲು ಬೆರಳಿನಿಂದ ನಾಡಿ ಹುಡುಕಿ. ಹೆಬ್ಬೆರಳು ಬೇಡ, ಅದರದ್ದೇ ಬಡಿತ ಅಡ್ಡ ಬರುತ್ತದೆ.

ಎರಡು, 70 ಮಿಲಿ ಹಿಡಿಯುವ ಲೋಟ ಮತ್ತು ಎರಡು ಬಕೆಟ್. ಒಂದು ನಿಮಿಷದಲ್ಲಿ 72 ಲೋಟ ನೀರನ್ನು ಒಂದರಿಂದ ಇನ್ನೊಂದಕ್ಕೆ ಹಾಕಲು ಹೇಳಿ. ಒಟ್ಟು 5 ಲೀಟರ್ ಚಿಲ್ಲರೆ. ಸುಮ್ನೆ ಕೂತ ದೊಡ್ಡವರ ಹೃದಯ ಒಂದು ನಿಮಿಷಕ್ಕೆ ತಳ್ಳುವುದು ಹೆಚ್ಚುಕಡಿಮೆ ಅಷ್ಟೇ, ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. 40ನೇ ಲೋಟಕ್ಕೆ ಭುಜ ನೋಯಲು ಶುರು, ನೆಲವೆಲ್ಲ ನೀರು. ಆಗ ಕೇಳಿ, ಇಷ್ಟೊಂದು ರಕ್ತ ನಿಮಿಷ ನಿಮಿಷಕ್ಕೂ ಹೊಸದಾಗಿ ಹುಟ್ಟಲು ಸಾಧ್ಯವಾ? ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಹಾಕಿದ್ದೂ ಇದೇ ಬಗೆಯ ಲೆಕ್ಕ. ಅಷ್ಟು ರಕ್ತ ಹೊಸದಾಗಿ ಬರಲಾರದು, ಹಾಗಾಗಿ ಹೋದದ್ದೇ ತಿರುಗಿ ಬರುತ್ತಿರಬೇಕು ಅಂತ ಅವನು ವಾದಿಸಿದ.

ಮೂರು, ಅವನದೇ ಇನ್ನೊಂದು ಪ್ರಯೋಗ. ತೋಳಿಗೆ ಬಟ್ಟೆ ಪಟ್ಟಿಯನ್ನು ಹದವಾಗಿ ಕಟ್ಟಿದರೆ ಮುಂಗೈ ಅಭಿಧಮನಿಗಳು ಉಬ್ಬುತ್ತವೆ, ಅಲ್ಲಲ್ಲಿ ಗಂಟು ಕಾಣುತ್ತವೆ. ಅವು ಕವಾಟ. ಒಂದು ಬೆರಳಿಂದ ಅಭಿಧಮನಿಯನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ಮೇಲಿನ ಗಂಟು ದಾಟುವವರೆಗೆ ಸವರಿ. ನಡುವಿನ ತುಂಡು ಖಾಲಿಯಾಗಿ ಚಪ್ಪಟೆ ಉಳಿಯುತ್ತದೆ, ಮೇಲಿಂದ ತುಂಬುವುದಿಲ್ಲ. ಕೆಳಗಿನ ಬೆರಳು ಎತ್ತಿದ ಕೂಡಲೇ ತುಂಬುತ್ತದೆ. ಕಟ್ಟು ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ.

## ಸಾಮಾನು ಕೈಗೆ ಬಂದ ಮೇಲೆ

ಸ್ಟೆತಸ್ಕೋಪ್ ಕಿವಿಗೆ ಹಾಕಿದ್ರೆ ಏನೂ ಕೇಳಿಸಲ್ಲ. ಕೆಟ್ಟುಹೋಗಿದೆಯಾ?

ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದಿಲ್ಲ. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆ ವಾಲಿರಬೇಕು. ಉಲ್ಟಾ ಹಾಕಿದರೆ ಕಿವಿಯ ಗೋಡೆಗೆ ಒತ್ತಿ ಮುಚ್ಚಿಕೊಳ್ಳುತ್ತವೆ. ಎರಡೂ ಬದಿ ಇರುವ ಎದೆಬಿಲ್ಲೆಯಾದರೆ ಅದು ತಿರುಗುತ್ತದೆ, ಒಂದು ಸಲಕ್ಕೆ ಒಂದು ಬದಿ ಮಾತ್ರ ತೆರೆದಿರುತ್ತದೆ. ಪೊರೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಕೇಳಿಸದಿದ್ದರೆ ಕೊಳವೆಯನ್ನು ಹಿಡಿದು ಬಿಲ್ಲೆಯನ್ನು ಟಕ್ ಅನ್ನುವವರೆಗೆ ತಿರುಗಿಸಿ.

ಆಮೇಲೆ ಮಕ್ಕಳು ತಮ್ಮ ತಮ್ಮ ಎದೆಯನ್ನೇ ಕೇಳಿಕೊಳ್ಳಲಿ, ಮುಜುಗರ ಇರುವುದಿಲ್ಲ. ಎಡಗಡೆ 5ನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ ಲಬ್ ಜೋರು. ಸದ್ದು ತೀರಾ ಸಣ್ಣದಿದ್ದರೆ ಅರ್ಧ ನಿಮಿಷ ನಿಂತಲ್ಲೇ ಓಡಿ ಬರಲಿ. ಲಬ್ ಅಂದರೆ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಮತ್ತು ಹೃತ್ಕುಕ್ಷಿಗಳ ನಡುವಿನ ಕವಾಟ ಮುಚ್ಚಿದಾಗ ಬರುವ ಸದ್ದು, ಡಬ್ ಅಂದರೆ ಅಪಧಮನಿಗಳ ಬುಡದ ಅರ್ಧಚಂದ್ರ ಕವಾಟ ಮುಚ್ಚಿದಾಗಿನದು. ಸ್ನಾಯು ಹಿಂಡಿದ ಸದ್ದು ಅಂತ ಬರೆಯುವವರೇ ಜಾಸ್ತಿ, ಅದು ತಪ್ಪು.

ಸ್ಟೆತಸ್ಕೋಪ್ ಕಮ್ಮಿ ಬಿದ್ದರೆ ದಪ್ಪ ಹಾಳೆ ಸುತ್ತಿ ಕೊಳವೆ ಮಾಡಿಕೊಡಿ. ಲೆನೆಕ್ ಎಂಬ ಫ್ರೆಂಚ್ ವೈದ್ಯ 1816ರಲ್ಲಿ ಶುರು ಮಾಡಿದ್ದೂ ಕಾಗದದ ಸುರುಳಿಯಿಂದಲೇ. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಕಿವಿ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಹರಿಯೋ ಮಾಡೆಲ್ ಮಾಡಿ ಅಂತೀರಿ, ಹೃದಯಕ್ಕೆ ಯಾವುದನ್ನು ಬಳಸಲಿ?

ಡ್ರಮ್ಮಿನಿಂದ ಎಣ್ಣೆ, ನೀರು ಎಳೆಯುವ ರಬ್ಬರ್ ಕೈಪಂಪು ನೋಡಿದ್ದೀರಲ್ಲ, ನಡುವೆ ಬಲ್ಬ್, ಅತ್ತ ಇತ್ತ ಪೈಪು. ಅದರೊಳಗೆ ಒಮ್ಮುಖ ಕವಾಟ ಇರುತ್ತದೆ. ಎರಡೂ ಪೈಪನ್ನು ಬಣ್ಣದ ನೀರಿನ ಬೇಸಿನ್‌ಗೆ ಇಳಿಬಿಟ್ಟು ಒತ್ತಿ. ಎಷ್ಟು ಹೇಗೆ ಒತ್ತಿದರೂ ನೀರು ಒಂದೇ ಕಡೆ ಹೋಗುತ್ತದೆ. ಈಗ ಕವಾಟವೇ ಇಲ್ಲದ ಬಲ್ಬ್ ಹಾಕಿ ಒತ್ತಿ. ನೀರು ಹೋದಷ್ಟೇ ವಾಪಸ್. ಕವಾಟದ ಪಾಠ ಅಲ್ಲಿಗೆ ಮುಗಿಯಿತು.

ಬಲ್ಬ್ ಒಂದೇ ಸಾಲದು, ಎರಡು ಬೇಕು. ಒಂದು ಬೇಸಿನ್ ದೇಹ, ಇನ್ನೊಂದು ಶ್ವಾಸಕೋಶ. ಮೊದಲ ಬಲ್ಬ್ ದೇಹದಿಂದ ಶ್ವಾಸಕೋಶಕ್ಕೆ, ಎರಡನೆಯದು ಶ್ವಾಸಕೋಶದಿಂದ ದೇಹಕ್ಕೆ. ಮಕ್ಕಳ ಚಿತ್ರದಲ್ಲಿ ಸಾಮಾನ್ಯವಾಗಿ ಒಂದೇ ಸುತ್ತು ಇರುತ್ತದೆ. ಇದನ್ನು ನೋಡಿದ ಮೇಲೆ ಎರಡು ಸುತ್ತು ತಾನಾಗಿ ಬರುತ್ತದೆ.

ನಕಲಿ ರಕ್ತಕ್ಕೆ ಏನು ಹಾಕೋದು? ಬಣ್ಣದ ನೀರು ನಡೆಯುತ್ತಾ?

ನಡೆಯುತ್ತದೆ. ಇನ್ನೂ ಹತ್ತಿರ ಬೇಕಿದ್ದರೆ ತೂಕದ ಲೆಕ್ಕದಲ್ಲಿ 40 ಭಾಗ ಗ್ಲಿಸರಿನ್, 60 ಭಾಗ ನೀರು ಬೆರೆಸಿ. ರಕ್ತ ನೀರಿಗಿಂತ 3ರಿಂದ 4 ಪಟ್ಟು ಮಂದ, ಈ ಮಿಶ್ರಣವೂ ಹಾಗೇ. ಬಣ್ಣ ಜಾಸ್ತಿ ಹಾಕಬೇಡಿ, ಪೈಪಿಗೆ ಹಿಡಿದುಕೊಂಡು ಮುಂದಿನ ಸಲ ಏನೂ ಕಾಣುವುದಿಲ್ಲ. ಕೆಲಸ ಮುಗಿದ ದಿನವೇ ತೊಳೆದು, ಪೈಪನ್ನು ನೇತುಹಾಕಿ ಒಣಗಿಸಿ. ನಾನು ಒಮ್ಮೆ ರಜೆಗೆ ಮುಂಚೆ ಹಾಗೇ ಬಿಟ್ಟು ಹೋಗಿ, ವಾಪಸ್ ಬಂದಾಗ ಮಹಾಪಧಮನಿ (ಹೃದಯದಿಂದ ದೇಹಕ್ಕೆ ಹೋಗುವ ದೊಡ್ಡ ಅಪಧಮನಿ) ಅಂತ ಇಟ್ಟಿದ್ದ ಪೈಪಿನ ತುಂಬ ಕಪ್ಪು ಬೂಸಲು ಬೆಳೆದಿತ್ತು.

ಪೈಪು ಗಟ್ಟಿಯದ್ದು ತರಬೇಕಾ, ಮೆತ್ತಗಿನದ್ದಾ?

ಎರಡೂ ತನ್ನಿ, ವ್ಯತ್ಯಾಸವೇ ಪಾಠ. ಎರಡರ ತುದಿಗೂ ಸಣ್ಣ ತೂತಿನ ಮೂತಿ ಹಾಕಿ. ಗಟ್ಟಿ ಪೈಪಿಗೆ ಬಲ್ಬ್ ಜೋಡಿಸಿ ಒತ್ತಿದರೆ ನೀರು ಚಿಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ. ತೆಳು ಗೋಡೆಯ ರಬ್ಬರ್ ಪೈಪಿನಲ್ಲಿ ಬಲ್ಬ್ ಬಿಟ್ಟಾಗಲೂ ಹರಿವು ನಿಲ್ಲುವುದಿಲ್ಲ. ಪೈಪು ಉಬ್ಬಿ ಒಂದಿಷ್ಟು ನೀರು ಇಟ್ಟುಕೊಂಡು ಆಮೇಲೆ ಕೊಡುತ್ತದೆ. ಮಹಾಪಧಮನಿ ಮಾಡುವುದೂ ಇದನ್ನೇ. ಇಂಗ್ಲಿಷ್ ವಿಜ್ಞಾನಿ ಸ್ಟೀಫನ್ ಹೇಲ್ಸ್ ಇದನ್ನು ಬೆಂಕಿ ಆರಿಸುವ ಪಂಪಿನ ಗಾಳಿಗೂಡಿಗೆ ಹೋಲಿಸಿದ್ದ. 1733ರ ಅವನ ಪುಸ್ತಕದಲ್ಲಿ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದ್ದೂ ಇದೆ, ರಕ್ತ 8 ಅಡಿಗೂ ಮೇಲೆ ಏರಿತ್ತು.

ಬಿಪಿ ಯಂತ್ರದಲ್ಲಿ ಪಾದರಸದ್ದು, ಮುಳ್ಳಿನದು, ಡಿಜಿಟಲ್ ಇದೆ. ಪಾಠಕ್ಕೆ ಯಾವುದು?

ಮುಳ್ಳಿನದು. ಪಾದರಸ ಬೇಡವೇ ಬೇಡ. ಗಾಜು ಒಡೆದರೆ ಪಾದರಸ ಸಂದುಗೊಂದಿಗೆ ಸೇರಿ ಆವಿಯಾಗುತ್ತಾ ಇರುತ್ತದೆ. ಪಾದರಸದ ಬಳಕೆ ತಗ್ಗಿಸುವ 2013ರ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವೂ ಇಂಥ ಯಂತ್ರಗಳನ್ನು ಕೈಬಿಡಲು ಹೇಳುತ್ತದೆ. ಡಿಜಿಟಲ್ ತಪ್ಪಲ್ಲ, ಆದರೆ ಅದು ಪಟ್ಟಿಯೊಳಗಿನ ಗಾಳಿಯ ಕಂಪನ ಅಳೆದು ಒಂದು ಸಂಖ್ಯೆ ತೋರಿಸಿ ಸುಮ್ಮನಾಗುತ್ತದೆ. ನಡುವೆ ಏನಾಯಿತು ಅಂತ ಮಗುವಿಗೆ ಗೊತ್ತಾಗುವುದಿಲ್ಲ.

ಮುಳ್ಳಿನದರಲ್ಲಿ ಎಲ್ಲವೂ ಕಣ್ಣೆದುರು. ನಾಡಿ ನಿಲ್ಲುವವರೆಗೆ ಗಾಳಿ ತುಂಬಿ, ಸೆಕೆಂಡಿಗೆ 2-3 ಮಿಮೀ ಇಳಿಯುವಂತೆ ಬಿಡುತ್ತಾ ಬನ್ನಿ. ಮೊದಲು ನಿಶ್ಶಬ್ದ, ಆಮೇಲೆ ಸ್ಟೆತಸ್ಕೋಪ್‌ನಲ್ಲಿ ಟಕ್ ಅಂತ ಮೊದಲ ಸದ್ದು. ಒತ್ತಿ ಮುಚ್ಚಿದ್ದ ಅಪಧಮನಿ ಪ್ರತಿ ಬಡಿತಕ್ಕೂ ಕ್ಷಣಕಾಲ ತೆರೆದುಕೊಳ್ಳುತ್ತಿದೆ. ಅದು ಮೇಲಿನ ಸಂಖ್ಯೆ. ಸದ್ದು ಪೂರ್ತಿ ಮಾಯವಾದದ್ದು ಕೆಳಗಿನದು. ಪಟ್ಟಿಯನ್ನು ಇಟಲಿಯ ವೈದ್ಯ ರೀವಾ-ರೋಚಿ 1896ರಲ್ಲಿ ತಂದರು, ಸದ್ದು ಕೇಳುವ ವಿಧಾನವನ್ನು ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲಿ ಹೇಳಿದರು. ಕಿವಿ ಎರಡು ಜೋಡಿ ಇರುವ ಕಲಿಕೆಯ ಸ್ಟೆತಸ್ಕೋಪ್ ಸಿಕ್ಕರೆ ಬಿಡಬೇಡಿ, ನೀವು ಕೇಳಿದ್ದನ್ನೇ ಮಗುವೂ ಆ ಕ್ಷಣಕ್ಕೇ ಕೇಳುತ್ತದೆ.

ಇನ್ನೊಂದು ಕೆಲಸ. ಗೋಡೆಯ ಮೇಲೆ ನೆಲದಿಂದ 163 ಸೆಂಮೀ ಎತ್ತರಕ್ಕೆ ಗೆರೆ ಎಳೆಯಿರಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ಬಿಪಿಯ ಮೇಲಿನ ಸಂಖ್ಯೆ 120, ಅಂದರೆ 120 ಮಿಮೀ ಪಾದರಸ, ಅಂದರೆ ಅಷ್ಟೆತ್ತರದ ನೀರಿನ ಕಂಬ. ಹೃದಯ ತಳ್ಳುವ ಜೋರು ಅದು.

ಒಬ್ಬನಿಗೇ ಮೂರು ಸಲ ನೋಡಿದ್ರೆ ಮೂರು ಬಿಪಿ ಬರುತ್ತೆ. ಯಂತ್ರ ಸುಳ್ಳು ಹೇಳುತ್ತಾ?

ಮೊದಲು ಮುಳ್ಳು ಸೊನ್ನೆಯಲ್ಲಿ ನಿಂತಿದೆಯಾ ನೋಡಿ. ನಿಂತಿದ್ದರೆ ತಪ್ಪು ಬಹುಶಃ ನಮ್ಮದು. 5 ನಿಮಿಷ ಸುಮ್ನೆ ಕೂರಿಸಿದ್ದೀರಾ? ಕಾಲ ಮೇಲೆ ಕಾಲು ಹಾಕಿದ್ದಾನಾ? ಮಾತಾಡುತ್ತಿದ್ದಾನಾ? ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು 40% ಇರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. 10 ಸೆಂಮೀ ಮೇಲೆತ್ತಿದರೆ ಸುಮಾರು 7-8 ಮಿಮೀ ಕಡಿಮೆ, ಇಳಿಸಿದರೆ ಅಷ್ಟೇ ಜಾಸ್ತಿ. ಇದನ್ನೇ ಬೇಕಂತ ಮಾಡಿ ತೋರಿಸಿ, ಚೆನ್ನಾಗಿರುತ್ತದೆ. ಇಷ್ಟೆಲ್ಲ ಸರಿ ಮಾಡಿದರೂ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಬಿಪಿಯೇ ಹೊತ್ತು ಹೊತ್ತಿಗೆ ಬದಲಾಗುತ್ತಿರುತ್ತದೆ.

ಒಂದು ಮಗುವಿಗೆ ಬಿಪಿ ತುಂಬಾ ಜಾಸ್ತಿ ಬಂತು. ಎಲ್ಲರೆದುರು ಹೇಳಿಬಿಟ್ಟೆ. ತಪ್ಪಾಯ್ತಾ?

ಆಯ್ತು. ಇನ್ನು ಮುಂದೆ ಸಂಖ್ಯೆಗಳನ್ನು ಹೆಸರಿಲ್ಲದೆ ಬರೆಸಿಕೊಳ್ಳಿ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿ. ಹಾಗೇ ಬಂದರೆ ಮನೆಯವರಿಗೆ ಗುಟ್ಟಾಗಿ ಹೇಳಿ, ವೈದ್ಯರ ಹತ್ತಿರ ತೋರಿಸಲಿ. ಮಕ್ಕಳ ಬಿಪಿಯನ್ನು ವಯಸ್ಸು, ಎತ್ತರ ನೋಡಿ ತೂಗಬೇಕು, 120/80 ಎಂಬ ಅಳತೆಗೋಲು ಅವರಿಗೆ ಹೊಂದುವುದಿಲ್ಲ.

## ಇನ್ನೂ ಒಳಗೆ ಇಳಿಯುವವರಿಗೆ

ಬೆರಳು ಚುಚ್ಚಿ ರಕ್ತ ತೆಗೆದು ಸ್ಲೈಡ್ ಮಾಡಿಸಬಹುದಾ?

ನಾನು ಮಾಡಿಸುವುದಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಹರಡಬಹುದು. ನಲವತ್ತು ಮಕ್ಕಳ ಗದ್ದಲದಲ್ಲಿ ಆ ಜವಾಬ್ದಾರಿ ಯಾರು ಹೊರುತ್ತಾರೆ? ಬಣ್ಣ ಹಾಕಿದ ರೆಡಿ ಸ್ಲೈಡು ಸಾಕು. 400 ಪಟ್ಟು ದೊಡ್ಡದು ಮಾಡಿದರೆ ನಡು ತಗ್ಗಿನ ಕೆಂಪು ಕಣ, ಅಲ್ಲೊಂದು ಇಲ್ಲೊಂದು ನೇರಳೆ ಕೋಶಕೇಂದ್ರದ ಬಿಳಿ ಕಣ ಕಾಣುತ್ತವೆ. ರಕ್ತದ ಗುಂಪು ತೋರಿಸಲು ನಕಲಿ ರಕ್ತದ ಕಿಟ್ ಬರುತ್ತದೆ.

ಲೋಮನಾಳದಲ್ಲಿ ರಕ್ತ ಓಡೋದನ್ನ ಕಣ್ಣಾರೆ ನೋಡೋಕಾಗುತ್ತಾ?

ಲೋಮನಾಳವನ್ನಂತೂ (ಅಪಧಮನಿಯನ್ನು ಅಭಿಧಮನಿಗೆ ಸೇರಿಸುವ ತೀರಾ ಸಣ್ಣ ನಾಳ) ನಮ್ಮ ಬೆರಳಲ್ಲೇ ನೋಡಬಹುದು. ಉಂಗುರ ಬೆರಳಿನ ಉಗುರು ಚರ್ಮ ಸೇರುವ ಜಾಗಕ್ಕೆ ಒಂದು ಹನಿ ಎಣ್ಣೆ ಬಿಡಿ. ಚರ್ಮದ ಹೊಳಪು ಅಡಗಿ ಒಳಗೆ ಕಾಣಿಸುತ್ತದೆ. ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ರೋಸ್ಕೋಪನ್ನು ಮೇಲಿಂದ ಬೆಳಕು ಬೀಳುವಂತೆ ಹಿಡಿದು, ಬೆರಳನ್ನು ಜೇಡಿಮಣ್ಣಲ್ಲಿ ಒತ್ತಿ ಅಲುಗದಂತೆ ಮಾಡಿ. ಕೂದಲ ಪಿನ್ನು ಸಾಲಾಗಿ ಜೋಡಿಸಿದಂತೆ ಕೆಂಪು ಕುಣಿಕೆಗಳು ಕಾಣುತ್ತವೆ. ಒಂದು ಕಾಲು ಅಪಧಮನಿ ಕಡೆಯಿಂದ ಬಂದದ್ದು, ಇನ್ನೊಂದು ಅಭಿಧಮನಿ ಕಡೆ ಹೋಗುವುದು. ಹಾರ್ವೆಗೆ ಕಾಣದೇ ಹೋದ ಕೊಂಡಿ ಇದೇ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅದನ್ನು ಕಂಡ.

ಕಣಗಳ ಓಟವೇ ಬೇಕು ಅಂದರೆ ಮೀನಿನ ಬಾಲದ ರೆಕ್ಕೆ ನೋಡುವ ಹಳೆಯ ಪದ್ಧತಿ ಇದೆ. ಜೀವಂತ ಪ್ರಾಣಿ ಬಳಸಲು ಸಂಸ್ಥೆಯ ಅನುಮತಿ ಬೇಕಾಗುತ್ತದೆ, ಮೀನಿಗೂ ಹಿಂಸೆ. ನಾನಂತೂ ವಿಡಿಯೋ ತೋರಿಸುತ್ತೇನೆ.

ಕುರಿ ಹೃದಯ ಕೊಯ್ದು ತೋರಿಸುವಾಗ ಬರೀ ಮಾಂಸದ ಮುದ್ದೆ ಥರ ಕಾಣುತ್ತೆ. ಎಲ್ಲಿಂದ ಶುರು ಮಾಡಲಿ?

ಮಾಂಸಕ್ಕೆಂದು ಕೊಯ್ದ ಕುರಿಯದ್ದೇ ಆಗಲಿ, ಕತ್ತರಿಸದೆ, ಮೇಲಿನ ಕೊಳವೆಗಳನ್ನು ಉದ್ದ ಬಿಟ್ಟು ಕೊಡಲು ಮೊದಲೇ ಹೇಳಿಡಿ. ಇಲ್ಲದಿದ್ದರೆ ಬುಡಕ್ಕೆ ಕತ್ತರಿಸಿ, ನೋಡಬೇಕಾದ್ದೆಲ್ಲ ಹೋಗಿರುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತ ಇರುತ್ತದೆ, ಮಕ್ಕಳು ಅದನ್ನೂ ಒಂದು ಭಾಗ ಅಂದುಕೊಳ್ಳುತ್ತಾರೆ. ಚೆನ್ನಾಗಿ ತೊಳೆಯಿರಿ.

ಚಾಕು ಹಿಡಿಯುವ ಮುಂಚೆ ಹಿಸುಕಿ. ಗಟ್ಟಿಯಾದ ಬದಿ ಎಡ, ಜೋಲು ಬದಿ ಬಲ. ಆಮೇಲೆ ಮಹಾಪಧಮನಿಗೆ ಮೇಲಿಂದ ನೀರು ಸುರಿಯಿರಿ. ನೀರು ನಿಲ್ಲುತ್ತದೆ! ಮೂರು ಪುಟ್ಟ ಜೇಬುಗಳು ತುಂಬಿ ಒಂದಕ್ಕೊಂದು ಅಂಟಿ ಕೂತಿರುತ್ತವೆ. ಈ ಒಂದು ನೋಟಕ್ಕಾಗಿಯಾದರೂ ಕೊಯ್ಯಬೇಕು. ಆ ಜೇಬುಗಳ ಸ್ವಲ್ಪ ಮೇಲೆ ಗೋಡೆಯಲ್ಲಿ ಎರಡು ಸಣ್ಣ ತೂತು ಸಿಗುತ್ತವೆ, ತೆಳು ಕಡ್ಡಿ ತೂರಿಸಿದರೆ ಹೃದಯದ ಮೇಲ್ಮೈಗೆ ದಾರಿ ಹಿಡಿಯುತ್ತದೆ. ಹೃದಯ ತನಗೇ ರಕ್ತ ಕೊಟ್ಟುಕೊಳ್ಳುವ ದಾರಿ ಅದು, ಹೃದಯಾಘಾತದಲ್ಲಿ ಕಟ್ಟಿಕೊಳ್ಳುವುದೂ ಅದೇ.

ಕೊನೆಗೆ ಎಡ ಹೃತ್ಕರ್ಣದಿಂದ ತುದಿಯವರೆಗೆ ಕೊಯ್ಯಿರಿ. ಕವಾಟಕ್ಕೆ ಬಿಳಿ ದಾರದಂಥ ಎಳೆಗಳು ಜೋಡಿಸಿರುತ್ತವೆ. ಎಳೆದು ನೋಡಲಿ, ಸುಲಭಕ್ಕೆ ಹರಿಯುವುದಿಲ್ಲ. ಗಾಳಿಗೆ ಕೊಡೆ ಮಗುಚಿಕೊಳ್ಳುವ ಹಾಗೆ ಕವಾಟ ಮಗುಚದಂತೆ ಹಿಡಿಯುವುದು ಅವೇ. ಕೈಗವಸು ಕಡ್ಡಾಯ. ಬೇಡ ಅನ್ನುವ ಮಕ್ಕಳನ್ನು ಬಲವಂತ ಮಾಡಬೇಡಿ, ಅವರಿಗೆ ಬಲ್ಬ್ ಮಾಡೆಲ್ ಕೊಡಿ.

ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಇಂದ ಏನಾದ್ರೂ ಕಲಿಸಬಹುದಾ?

ಬಹುದು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡಲು ಅದು ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ, ಸುಮಾರು 660 ನ್ಯಾನೋಮೀಟರಿನ ಕೆಂಪು ಮತ್ತು 940ರ ಅವಗೆಂಪು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ (ಕೆಂಪು ಕಣದೊಳಗಿನ ಬಣ್ಣದ ವಸ್ತು) ಕೆಂಪನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಹೊರದೇ ಇರುವುದು ಜಾಸ್ತಿ ಹೀರುತ್ತದೆ. ಬಡಿತಕ್ಕೆ ತಕ್ಕಂತೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅದು ಅಪಧಮನಿಯ ಸುದ್ದಿ. ಜಪಾನಿನ ಟಾಕುವೋ ಅವೊಯಾಗಿ 1970ರ ದಶಕದಲ್ಲಿ ಹೊಳೆಸಿದ್ದು ಇದೇ ಉಪಾಯ. ಬೆರಳು ತಣ್ಣಗಿದ್ದರೆ, ಉಗುರು ಬಣ್ಣ ಇದ್ದರೆ ಅಳತೆ ತಪ್ಪುತ್ತದೆ. ಉಸಿರು ಕಟ್ಟುವ ಪಂದ್ಯ ಮಾತ್ರ ಬೇಡ.

ಇಸಿಜಿ ಸೆನ್ಸರ್ ತಂದಿದ್ದೀವಿ. ಗೆರೆ ಬರುತ್ತೆ, ಅರ್ಥ ಆಗಲ್ಲ.

ಇಸಿಜಿ ಗೆರೆ ಅಂದರೆ ಹೃದಯದ ವಿದ್ಯುತ್ತಿನ ಏರಿಳಿತ. ಒಬ್ಬ ವಿದ್ಯಾರ್ಥಿಗೆ ಸೆನ್ಸರ್ ಹಚ್ಚಿ, ಒಬ್ಬರು ಗೆರೆ ನೋಡಲಿ, ಅದೇ ವಿದ್ಯಾರ್ಥಿಯ ಎದೆಯನ್ನು ಇನ್ನೊಬ್ಬರು ಕೇಳಲಿ, ಲಬ್ ಕೇಳಿದಾಗ ಮೇಜು ತಟ್ಟಲಿ. ಚೂಪು ಶಿಖರ ಬಂದ ಮೇಲೆ ಲಬ್. ಮೊದಲು ವಿದ್ಯುತ್ತು, ಆಮೇಲೆ ಹಿಂಡಿಕೆ. ಮೊದಲ ಸಣ್ಣ ಉಬ್ಬು ಹೃತ್ಕರ್ಣದ್ದು, ಶಿಖರ ಹೃತ್ಕುಕ್ಷಿಯದ್ದು, ಕೊನೆಯ ಉಬ್ಬು ಹೃತ್ಕುಕ್ಷಿ ಸುಧಾರಿಸಿಕೊಳ್ಳುವುದು. ಸೆನ್ಸರ್ ಬ್ಯಾಟರಿಯಲ್ಲೇ ನಡೆಯಲಿ, ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪ್‌ಗೆ ಜೋಡಿಸಿ ಮಕ್ಕಳ ಮೈಗೆ ಹಚ್ಚಬೇಡಿ.

ರಕ್ತನಾಳ ಅರ್ಧಕ್ಕೆ ಕಿರಿದಾದ್ರೆ ಹರಿವು 16 ಪಟ್ಟು ಕಮ್ಮಿ ಅಂತಾರೆ. ನಾವು ಮಾಡಿದ್ರೆ ಬರಲ್ಲ.

ನಿಮ್ಮ ಪೈಪು ದಪ್ಪ ಇರಬೇಕು. ಈ ಲೆಕ್ಕ ನೀರು ಸುಳಿಯಿಲ್ಲದೆ ನಯವಾಗಿ ಹರಿದಾಗ ಮಾತ್ರ. ಒಳವ್ಯಾಸ 2 ಮಿಮೀ ಮತ್ತು 1 ಮಿಮೀ ಇರುವ, ತಲಾ 1 ಮೀಟರ್ ಉದ್ದದ ಪೈಪು ತೆಗೆದುಕೊಳ್ಳಿ. ಪೈಪನ್ನು ಅಡ್ಡಡ್ಡ ಇಟ್ಟು, ನೀರಿನ ಮಟ್ಟ 20 ಸೆಂಮೀ ಮೇಲಿರಲಿ. ಲೆಕ್ಕದಂತೆ ದಪ್ಪ ಪೈಪಿನಲ್ಲಿ ನಿಮಿಷಕ್ಕೆ ಸುಮಾರು 45 ಮಿಲಿ, ಸಣ್ಣದರಲ್ಲಿ 3 ಮಿಲಿಯಷ್ಟು ಬರಬೇಕು. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಎಲ್ಲಾ ಹಾಳು.

ಎರಡು ಬಲ್ಬಿನ ಮಾಡೆಲ್‌ನಲ್ಲಿ ಒಂದು ಬೇಸಿನ್ ಖಾಲಿ ಆಗುತ್ತೆ, ಇನ್ನೊಂದು ತುಂಬಿ ಚೆಲ್ಲುತ್ತೆ. ಎಲ್ಲಿ ತಪ್ಪಾಯ್ತು?

ತಪ್ಪೇನಿಲ್ಲ, ಅದನ್ನು ಸರಿ ಮಾಡಲು ಹೋಗಬೇಡಿ! ಇಬ್ಬರು ಹುಡುಗರು ಎರಡು ಬಲ್ಬ್ ಒತ್ತುತ್ತಾರೆ, ಒಬ್ಬನ ಕೈ ಜೋರು, ಇನ್ನೊಬ್ಬನದು ಮೆತ್ತಗೆ. ಬಲ ಹೃದಯದವನು ಒಂದು ಸಲಕ್ಕೆ ಒಂದೆರಡು ಚಮಚ ಜಾಸ್ತಿ ತಳ್ಳಿದರೂ ಸಾಕು, ಸ್ವಲ್ಪ ಹೊತ್ತಿಗೆ ಶ್ವಾಸಕೋಶದ ಬೇಸಿನ್ ತುಂಬಿ ಚೆಲ್ಲುತ್ತದೆ. ಎಡ ಹೃದಯ ಸೋತವರಿಗೆ ಆಗುವುದೂ ಹೀಗೇ. ರಕ್ತ ಶ್ವಾಸಕೋಶದ ಕಡೆ ಕಟ್ಟಿ ನಿಂತು, ನೀರು ಒಸರಿ, ಮಲಗಿದರೆ ಉಸಿರು ಕಟ್ಟುತ್ತದೆ. ಬಲಗಡೆ ಸೋತರೆ ಕಾಲು ಊದುತ್ತದೆ. ಬೇಸಿನ್ನಿಗೆ ದೇಹ, ಶ್ವಾಸಕೋಶ ಅಂತ ಚೀಟಿ ಅಂಟಿಸಿದ್ದರೆ ಇದನ್ನು ಮಕ್ಕಳೇ ಹೇಳುತ್ತಾರೆ.

ಹಾಗಾದರೆ ನಮ್ಮೊಳಗೆ ಎರಡೂ ಬದಿ ಸಮ ಹೇಗಿರುತ್ತವೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಲಗಡೆಯಿಂದ ಜಾಸ್ತಿ ಬಂದರೆ ಎಡ ಹೃತ್ಕುಕ್ಷಿ ಜಾಸ್ತಿ ತುಂಬಿ ಹಿಗ್ಗುತ್ತದೆ. ಹಿಗ್ಗಿದ ಸ್ನಾಯು ಮುಂದಿನ ಬಡಿತದಲ್ಲಿ ಅಷ್ಟೇ ಜೋರಾಗಿ ಹಿಂಡುತ್ತದೆ. ಬಂದಷ್ಟನ್ನು ಕಳಿಸಿಬಿಡುತ್ತದೆ. ರಬ್ಬರ್ ಬಲ್ಬಿಗೆ ಈ ಗುಣ ಇಲ್ಲ. ಹಾಗಾಗಿ ಮಾಡೆಲ್ ನಡೆಸುವಾಗ ಮೆತ್ತಗಿನ ಕೈಯವನು ಬೇಸಿನ್ ನೋಡಿಕೊಂಡು ಜೋರು ಮಾಡುತ್ತಾ ಹೋಗಬೇಕು, ಕೆಳಗೊಂದು ಒರೆಸುವ ಬಟ್ಟೆಯೂ ಇರಲಿ.